ಓರೆ ಹಲ್ಲು ಸರಿಪಡಿಸಲು ಸಕಾಲ ಯಾವುದು?

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲದಲ್ಲಿ ಅನೇಕ ಮಕ್ಕಳಿಗೆ ಹಲ್ಲಿನ ಮೇಲೆ ಹಲ್ಲು ಹತ್ತಿಕೊಂಡಿರುತ್ತದೆ. ‘ದೊಡ್ಡವರಾದ ಮೇಲೆ ತಾನೇ ಸರಿಹೋಗುತ್ತದೆ’ ಎಂದು ಪಾಲಕರು ಸುಮ್ಮನಾಗುತ್ತಾರೆ. ಮಗಳಿಗೆ ವರ ನೋಡುವ ಹೊತ್ತಿಗೆ ದಂತವೈದ್ಯರ ಬಳಿ ಓಡುತ್ತಾರೆ. ಹಲ್ಲನ್ನು ದೊಡ್ಡವರಾದ ಮೇಲೂ ಸರಿಸಬಹುದು, ನಿಜ. ಆದರೆ ಇಕ್ಕಟ್ಟಾದ ಮೇಲ್ದವಡೆಯನ್ನು ಸಲೀಸಾಗಿ ಅಗಲಿಸುವ ಕಾಲ ಅಷ್ಟರಲ್ಲಿ ಮೀರಿಹೋಗಿರುತ್ತದೆ.

ಮೇಲ್ದವಡೆ ಒಂದೇ ಮೂಳೆಯಲ್ಲ. ಎಡ, ಬಲದ ಎರಡು ಮೂಳೆಗಳು ಅಂಗುಳಿನ ನಡುವೆ ಹೊಲಿಗೆ ಹಾಕಿದಂತೆ ಕೂಡಿಕೊಂಡಿವೆ. ಬೆಳೆಯುವ ಮಕ್ಕಳಲ್ಲಿ ಈ ಹೊಲಿಗೆ ಸಡಿಲವಾಗಿರುತ್ತದೆ. ಹದಿಹರೆಯ ಕಳೆಯುತ್ತ ಬಂದಂತೆ ಬಿಗಿಯಾಗುತ್ತದೆ. ಆಮೇಲೆ ಅಗಲಿಸಲು ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಕೆಳದವಡೆಯ ಎರಡು ಭಾಗಗಳಾದರೋ ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೇ ಬೆಸೆದುಕೊಳ್ಳುತ್ತವೆ. ಆದ್ದರಿಂದ ಅಲ್ಲಿ ಸಾಧನ ಹಾಕಿದರೂ ಹಲ್ಲು ವಾಲುತ್ತದೆಯೇ ಹೊರತು ಮೂಳೆ ಅಗಲವಾಗುವುದಿಲ್ಲ.

ದವಡೆ ಇಕ್ಕಟ್ಟಾಗಿದೆಯೇ ಎಂಬ ಸುಳಿವು ಮನೆಯಲ್ಲೇ ಸಿಗುತ್ತದೆ. ಮಗುವಿಗೆ ಹಲ್ಲು ಕಚ್ಚಲು ಹೇಳಿ, ಕೆನ್ನೆ ಸರಿಸಿ ನೋಡಿ. ಮೇಲಿನ ದವಡೆಹಲ್ಲುಗಳು ಕೆಳಗಿನವಕ್ಕಿಂತ ತುಸು ಹೊರಗಿರಬೇಕು. ಒಳಗೆ ಬಿದ್ದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಏಳನೆಯ ವಯಸ್ಸಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ದವಡೆ ಅಗಲಿಸುವ ಸಾಧನವನ್ನು ದವಡೆಹಲ್ಲುಗಳಿಗೆ ಅಂಟಿಸಿ ಅಂಗುಳಿನ ಅಡ್ಡಕ್ಕೆ ಕೂರಿಸುತ್ತಾರೆ. ಅದರ ನಡುವೆ ಒಂದು ತಿರುಪು ಇರುತ್ತದೆ. ಪುಟ್ಟ ಕೀಲಿಯಿಂದ ಅದನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರಿನಷ್ಟು ಅಗಲುತ್ತದೆ. ವೈದ್ಯರು ಹೇಳಿದಂತೆ ದಿನಕ್ಕೆ ಒಂದೆರಡು ಬಾರಿ, ಕೆಲವು ವಾರಗಳ ಕಾಲ ತಿರುಗಿಸುವವರು ಮನೆಯವರೇ. ನಡುವೆ ಮುಂದಿನ ಎರಡು ಹಲ್ಲುಗಳ ಮಧ್ಯೆ ಸಂದು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಗಾಬರಿ ಬೇಡ. ಹೊಲಿಗೆ ಬಿಚ್ಚಿಕೊಂಡಿದೆ ಎಂಬುದಕ್ಕೆ ಅದೇ ಗುರುತು. ಆ ಸಂದು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ತಿರುಗಿಸುವುದು ಮುಗಿದ ಮೇಲೂ ಹೊಸ ಮೂಳೆ ತುಂಬುವವರೆಗೆ, ಸಾಮಾನ್ಯವಾಗಿ 3ರಿಂದ 6 ತಿಂಗಳು, ಸಾಧನ ಬಾಯಲ್ಲೇ ಇರಬೇಕು.

ಈ ಉಪಾಯ ಹೊಸದಲ್ಲ. 1860ರಲ್ಲಿ ಅಮೆರಿಕದ ದಂತವೈದ್ಯ ಇಮರ್ಸನ್ ಏಂಜೆಲ್ ಹದಿನಾಲ್ಕರ ಹುಡುಗಿಯೊಬ್ಬಳ ದವಡೆಯನ್ನು ತಿರುಪಿನಿಂದ ಎರಡು ವಾರಗಳಲ್ಲಿ ಅಗಲಿಸಿದ್ದನ್ನು ವರದಿ ಮಾಡಿದ. ಅಂದು ಹಲವರು ನಂಬಲಿಲ್ಲ. 1961ರಲ್ಲಿ ಆಂಡ್ರ್ಯೂ ಹಾಸ್ ಅವರ ಬರಹದ ನಂತರ ಈ ವಿಧಾನಕ್ಕೆ ಮತ್ತೆ ಮನ್ನಣೆ ದೊರೆಯಿತು.

ದವಡೆ ಅಗಲವಾದ ಮಾತ್ರಕ್ಕೆ ಹಲ್ಲು ಸಾಲಾಗುವುದಿಲ್ಲ. ಅದಕ್ಕೆ ಜನ ‘ಕ್ಲಿಪ್’ ಎನ್ನುವ ತಂತಿ ಬೇಕು. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸದು ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಅವಸರಪಟ್ಟು ಹೆಚ್ಚು ಬಲ ಹಾಕಿದರೆ ಬೇರಿಗೇ ಪೆಟ್ಟು. ಇನ್ನು, ಓರೆ ಹಲ್ಲಿರುವ ಎಲ್ಲರಿಗೂ ದವಡೆ ಅಗಲಿಸಬೇಕಿಲ್ಲ. ಕೆಲವರಿಗೆ ಒಂದೆರಡು ಹಲ್ಲು ಕೀಳಿಸಿ ಜಾಗ ಮಾಡುವುದೇ ಸರಿ.

ಇಜೇರಿಯಂಥ ಊರಿನವರಿಗೆ ನಿಜವಾದ ಕಷ್ಟ ಇರುವುದು ಓಡಾಟದಲ್ಲಿ. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಸಂಸ್ಥೆಯಂತಹ ಕಾಲೇಜುಗಳಿವೆ. ಇಂಥ ಕಡೆ ಖರ್ಚು ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ. ಆದರೆ ತಿಂಗಳಿಗೊಮ್ಮೆ ಭೀಮಾ ನದಿ ದಾಟಿ ಹೋಗಿಬರುವುದನ್ನು ಎರಡು ವರ್ಷ ತಪ್ಪಿಸಬಾರದು. ಬಿತ್ತನೆ, ಸುಗ್ಗಿ, ಪರೀಕ್ಷೆ ಎಂದು ನಡುವೆ ಕೈಬಿಟ್ಟರೆ ದುಡ್ಡೂ ಹೋಗುತ್ತದೆ, ತಂತಿಯ ಸಂದಿನಲ್ಲಿ ಕೊಳೆ ಕೂತು ಹಲ್ಲೂ ಹುಳುಕಾಗುತ್ತದೆ. ಆದ್ದರಿಂದ ಶುರು ಮಾಡುವ ಮೊದಲೇ ಒಟ್ಟು ಖರ್ಚೆಷ್ಟು, ಎಷ್ಟು ಸಲ ಬರಬೇಕು ಎಂದು ವೈದ್ಯರನ್ನು ಕೇಳಿಕೊಳ್ಳಬೇಕು.

ವಿದ್ಯಾರ್ಥಿಗಳದೂ ಪಾಲಿದೆ. ಖಡಕ್ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ತಿನ್ನಬೇಕು. ಕಬ್ಬು ಸಿಗಿಯುವುದನ್ನು, ಹುರಿದ ಕಡಲೆ ಕಡಿಯುವುದನ್ನು ಬಿಡಬೇಕು. ಪ್ರತಿ ಊಟದ ನಂತರ ಹಲ್ಲುಜ್ಜಬೇಕು. ತಂತಿ ತೆಗೆದ ಮೇಲೆ ಕೊಡುವ ರಿಟೇನರ್ ಎಂಬ ಪಟ್ಟಿಯನ್ನು ಹೇಳಿದಷ್ಟು ಕಾಲ ತಪ್ಪದೆ ಹಾಕಿಕೊಳ್ಳಬೇಕು. ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ, ಎರಡು ವರ್ಷ ಕಷ್ಟಪಟ್ಟು ಸರಿಸಿದ ಹಲ್ಲು ಮತ್ತೆ ಹಳೆಯ ಜಾಗಕ್ಕೆ ಹೊರಡುತ್ತದೆ.