ಹಾಲು ಉಕ್ಕಿತು ನೋಡೇ!

ನಾನು ಮದುವೆಯಾಗಿ ಬಂದಾಗ ಪಡಸಾಲೆಯಲ್ಲೊಂದು ಗಿಳಿ ಇತ್ತು. (ನಮ್ಮ ನಾಡಿನ ಗಿಳಿ ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಈಗ ಅಪರಾಧ, ಮರೆಯಬೇಡಿ.) ಮಾವನವರು ದಿನಾ ಅದರ ಮುಂದೆ ಕೂತು "ರಾಮ ರಾಮ" ಹೇಳಿಕೊಡುತ್ತಿದ್ದರು. ಅದು ಕಲಿತದ್ದೇನು ಗೊತ್ತೇ? "ಏ ಹುಡುಗೀ, ಹಾಲು ಉಕ್ಕಿತು ನೋಡೇ!" ಥೇಟ್ ಅತ್ತೆಯವರದೇ ದನಿ. ಎಷ್ಟು ಸಲ ಅಡಿಗೆಮನೆಗೆ ಓಡಿ ಬೆಪ್ಪಾಗಿದ್ದೀನೋ!

ಗಿಳಿಗೆ ನಮ್ಮಂತೆ ಗಂಟಲಲ್ಲಿ ಧ್ವನಿತಂತುಗಳಿಲ್ಲ. ಶ್ವಾಸನಾಳದ ಬುಡದಲ್ಲಿ ಹುಟ್ಟುವ ಸದ್ದನ್ನು ದಪ್ಪ ನಾಲಿಗೆ ಆಡಿಸಿ ತಿದ್ದುತ್ತದೆ. ಕಾಡಿನಲ್ಲಾದರೆ ತನ್ನ ಗುಂಪಿನ ಕೂಗು ಕೇಳಿ ಕಲಿಯುತ್ತದೆ. ಪಂಜರದಲ್ಲಿ ಗುಂಪೆಲ್ಲಿ ಬಂತು? ನಾವೇ ಅದರ ಬಳಗ.

ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬಾಕೆ 1977ರಲ್ಲಿ ಅಲೆಕ್ಸ್ ಎಂಬ ಆಫ್ರಿಕದ ಬೂದು ಗಿಳಿಯನ್ನು ತಂದರು. ಬರೀ ಬಾಯಿಪಾಠ ಮಾಡಿಸಲಿಲ್ಲ. ಅದರೆದುರು ಇಬ್ಬರು ನಿಲ್ಲೋದು, ಒಬ್ಬರು ವಸ್ತು ತೋರಿಸಿ "ಇದೇನು?" ಅನ್ನೋದು; ಇನ್ನೊಬ್ಬರು ಸರಿಯಾಗಿ ಹೇಳಿದರೆ ಆ ವಸ್ತು ಅವರ ಕೈಗೆ. ನೋಡುತ್ತಾ ಕೂತ ಗಿಳಿಗೆ ಆಸೆ ತಡೆದೀತೆ? 2007ರಲ್ಲಿ ಸಾಯುವ ಹೊತ್ತಿಗೆ ಅಲೆಕ್ಸ್‌ಗೆ ನೂರಕ್ಕೂ ಹೆಚ್ಚು ಪದ, ಬಣ್ಣಗಳ ಹೆಸರು, ಆರರವರೆಗೆ ಎಣಿಕೆ ಬರುತ್ತಿತ್ತು.

ಇದನ್ನು ಓದಿದಾಗ ನಮ್ಮ ಪಡಸಾಲೆ ಕಣ್ಣಮುಂದೆ ಬಂತು. ಅತ್ತೆ ಕೂಗೋದು, ನಾನು ಓಡಿ ಬರೋದು, ಗಿಳಿ ದಿನವೂ ಕಂಡದ್ದು ಅದನ್ನೇ. "ರಾಮ" ಅಂದರೆ ಯಾರು ಬರುತ್ತಿದ್ದರು, ಹೇಳಿ?

ಅತ್ತೆಯವರು ತೀರಿಕೊಂಡ ಮೇಲೂ ಅದು ಎರಡು ವರ್ಷ ಬದುಕಿತ್ತು. ಮಧ್ಯಾಹ್ನ ಮನೆ ಸದ್ದಿಲ್ಲದೆ ಇದ್ದಾಗ ಅದೇ ಕೂಗು. ಒಲೆ ಮೇಲೆ ಹಾಲಿಲ್ಲ ಅಂತ ಗೊತ್ತಿದ್ದೂ ಎದ್ದು ಹೋಗುತ್ತಿದ್ದೆ.