ಇರುವೆಯ ಸಾಲು ಏರುವುದು ಎಲ್ಲಿಗೆ?

ಕಳೆದ ಬೇಸಿಗೆಯಲ್ಲಿ ಕುಷ್ಟಗಿ ತಾಲೂಕಿನ ಹನುಮಸಾಗರದ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಪೂಜೆಗೆ ಹೂ ಕೊಯ್ಯಲು ಹಿತ್ತಲಿಗೆ ಹೋದ ಆ ಮನೆಯ ತಾಯಿಯವರು ಬರಿಗೈಯಲ್ಲಿ ಮರಳಿ ಬಂದು, “ದಾಸವಾಳದ ಬುಡಕ್ಕ ಇರಬಿ ಗೂಡು ಕಟ್ಯಾವ್ರಿ ಗುರುಗಳ, ಗಿಡ ಒಣಗಾಕತ್ತೈತಿ. ಪ್ಯಾಟಿಯಿಂದ ಪುಡಿ ತರಿಸೇನಿ, ಹಾಕಲೇನ್ರಿ?” ಎಂದು ಕೇಳಿದರು. ಆ ಗಿಡದ ಹೂವೇ ಲಿಂಗಪೂಜೆಗೆ ಸಲ್ಲತಕ್ಕದ್ದು. ಆ ಬುಡದ ಮಣ್ಣಿನಲ್ಲಿಯೇ ಅವರ ಮೂರು ವರ್ಷದ ಮೊಮ್ಮಗ ಆಡುತ್ತಿದ್ದ. ಬೇಡವೇ ಬೇಡ ಎಂದೆ.

ಹಾಗೆನ್ನಲು ನನ್ನ ಸ್ವಂತ ತಪ್ಪೊಂದು ಕಾರಣ. ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಹೂದೋಟದ ಇರುವೆಗಳ ಮೇಲೆ ಬಿ.ಎಚ್.ಸಿ. ಪುಡಿಯನ್ನು ಬರಿಗೈಯಿಂದ ಉದುರಿಸಿದವನು ನಾನು. ತಿಂಗಳೊಳಗೆ ಇರುವೆಗಳು ಮರಳಿ ಬಂದವು. ಆ ಮಡಿಯ ಎರೆಹುಳುಗಳು ಮಾತ್ರ ಬಹುಕಾಲ ಕಾಣಲಿಲ್ಲ. ಆ ಪುಡಿಯನ್ನು ಸರಕಾರವು 1997ರಲ್ಲಿ ನಿಷೇಧಿಸಿತು. ಈಗ ಅಂಗಡಿಗಳಲ್ಲಿ ದೊರೆಯುವ ಇರುವೆ ಪುಡಿ, ಇರುವೆ ಸೀಮೆಸುಣ್ಣಗಳೂ ವಿಷವೇ.

ಗಿಡ ಬಾಡಿದ್ದು ಇರುವೆಗಳಿಂದಲೋ ಎಂದು ಎಲೆಗಳನ್ನು ತಿರುವಿ ನೋಡಿದೆವು. ಎಳೆಯ ಚಿಗುರಿನಲ್ಲಿ ಅರಳೆ ಮೆತ್ತಿದಂತೆ ಹಿಟ್ಟು ತಿಗಣೆಗಳು ತುಂಬಿದ್ದವು. ಸಸ್ಯರಸವನ್ನು ಹೀರುವುದು ಈ ತಿಗಣೆ. ಅದು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಸಾಲುಗಟ್ಟುತ್ತವೆ. ಆ ಅಂಟಿನ ಮೇಲೆಯೇ ಕಪ್ಪು ಮಸಿಯಂತಹ ಬೂಷ್ಟು ಬೆಳೆಯುತ್ತದೆ. ನಾವು ಆಕಳನ್ನು ಕಾಯ್ದಂತೆ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಅದನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಅಟ್ಟಿಬಿಡುತ್ತವೆ.

ಇಂತಹ ಮಿತ್ರಕೀಟಗಳ ಬಲ ಅಲ್ಪವಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯು ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಔಷಧಗಳಿಗೆ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯೊಂದು ಪೋರ್ಟೊರಿಕೊ ದ್ವೀಪದಿಂದ ಸಣ್ಣ ಕಣಜಗಳನ್ನು ತರಿಸಿ ತೋಟಗಳಲ್ಲಿ ಬಿಟ್ಟ ಮೇಲೆ ಆ ಪೀಡೆ ಅಡಗಿತು. ಇರುವೆಯ ಕಾವಲಿದ್ದಲ್ಲಿ ಇಂತಹ ಮಿತ್ರರ ಕೆಲಸ ಕೆಡುತ್ತದೆ.

ಆದುದರಿಂದ ಮೊದಲು ತಿಗಣೆಯನ್ನು ತೊಳೆಯಬೇಕು. ನೀರನ್ನು ರಭಸವಾಗಿ ಬಿಟ್ಟರೆ ಅರ್ಧ ಉದುರುತ್ತದೆ. ಉಳಿದುದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಕರಗಲು ತುಸು ಸಾಬೂನು ಬೆರೆಸಿ, ಬಿಸಿಲಿಳಿದ ಮೇಲೆ ಎಲೆಯಡಿಗೆ ಸಿಂಪಡಿಸಬೇಕು. ವಾರ ಬಿಟ್ಟು ಇನ್ನೊಮ್ಮೆ. ಮೊದಲ ದಿನ ಒಂದು ರೆಂಬೆಗಷ್ಟೇ ಹಾಕಿ, ಎಲೆ ಸುಡುವುದಿಲ್ಲವೆಂದು ಖಾತ್ರಿಪಡಿಸಿಕೊಳ್ಳುವುದು ಲೇಸು.

ಇನ್ನು ಬುಡದ ಗೂಡು. ಇರುವೆಗೆ ಬೇಕಾದುದು ಒಣ ಸಡಿಲ ಮಣ್ಣು, ನಮ್ಮ ಸೀಮೆಯಲ್ಲಿ ಅದಕ್ಕೆ ಕೊರತೆಯೇ? ಮೂರು ನಾಲ್ಕು ದಿನ ಬಿಡದೆ ಬುಡ ನೆನೆಯುವಂತೆ ನಿಧಾನವಾಗಿ ನೀರುಣಿಸಿ, ಮಣ್ಣು ಕೆದಕಿ, ಹಿಡಿಯಷ್ಟು ಬೇವಿನ ಹಿಂಡಿ ಸೇರಿಸಿದರೆ ಅವು ಮರಿ ಮೊಟ್ಟೆಗಳನ್ನು ಹೊತ್ತು ಬೇರೆಡೆಗೆ ಸಾಗುತ್ತವೆ. ಕುಂಡವಾದರೆ ನೀರು ತುಂಬಿದ ಬುಟ್ಟಿಯಲ್ಲಿ ಅರ್ಧ ತಾಸು ಇಡಬಹುದು. ಕುದಿಯುವ ನೀರು ಬೇರನ್ನೇ ಬೇಯಿಸುತ್ತದೆ. ಉಪ್ಪು ಮಣ್ಣನ್ನು ಕೆಡಿಸುತ್ತದೆ. ಅರಿಷಿಣ, ಬೂದಿಯ ಗೆರೆ ಒದ್ದೆಯಾಗುವವರೆಗೆ ಮಾತ್ರ. ಎರೆಭೂಮಿಯವರು ಬೂದಿಯನ್ನು ಹೆಚ್ಚು ಸುರಿಯಬಾರದು, ಆ ಮಣ್ಣಿನಲ್ಲಿ ಕ್ಷಾರ ಮೊದಲೇ ಹೆಚ್ಚು.

ಆ ತಾಯಿಯವರು ನಿತ್ಯ ಪುಣ್ಯವೆಂದು ಒಂದು ಚಿಟಿಕೆ ಸಕ್ಕರೆಯನ್ನು ಅದೇ ದಾಸವಾಳದ ಬುಡಕ್ಕೆ ಉದುರಿಸುತ್ತಿದ್ದರೆಂಬುದು ಹೊರಡುವಾಗ ತಿಳಿಯಿತು. ಕರೆದು ಉಣಿಸಿ, ಬಂದವೆಂದು ಬೈಯುವುದೇ! ಸಕ್ಕರೆಯನ್ನು ಬೇಲಿಯಾಚೆ ಹಾಕಿರೆಂದೆ, ನಕ್ಕರು. ಗೋಡೆಗೆ ತಾಗಿದ್ದ ರೆಂಬೆಯನ್ನು ಅಂದೇ ಕತ್ತರಿಸಿದರು, ಇಲ್ಲದಿದ್ದರೆ ಬುಡವನ್ನು ಎಷ್ಟು ಕಾಯ್ದರೂ ಇರುವೆಗಳು ಗೋಡೆಯಿಂದ ದಾಟಿ ಬರುತ್ತಿದ್ದವು. ಪುಡಿಯ ಪೊಟ್ಟಣವನ್ನು ಒಡೆಯದೆ ಅಂಗಡಿಗೆ ಮರಳಿಸಿದ್ದಾರೆ.