ಗೆದ್ದೆತ್ತಿನ ಬಾಲ

ಗೆದ್ದೆತ್ತಿನ ಬಾಲ ಹಿಡಿಯುವವರು ನಮ್ಮಲ್ಲಿ ಮಾತ್ರ ಇರುವರೆಂದು ವಾಚಕರು ಭಾವಿಸಬೇಕಾಗಿಲ್ಲ. 1998ರ ಜುಲೈ 12ರ ರಾತ್ರಿ ಪ್ಯಾರಿಸ್ಸಿನ ಬೀದಿಗಳಲ್ಲಿ ನೆರೆದ ಜನಸ್ತೋಮ, ಅಲ್ಲಿಯ ವಿಜಯತೋರಣದ ಮೇಲೆ ಬೆಳಕಿನಲ್ಲಿ ಮೂಡಿಸಿದ್ದ ಮುಖವೊಂದನ್ನು ಕಂಡು ಜಯಘೋಷ ಮಾಡಿತು. ಅದು ಜಿದಾನನ ಮುಖ. ವಿಶ್ವಕಪ್ ಕಾಲ್ಚೆಂಡಾಟದ ಅಂತಿಮ ಪಂದ್ಯದಲ್ಲಿ ಬ್ರೆಜಿಲಿನ ವಿರುದ್ಧ ಫ್ರಾನ್ಸ್ ಹೊಡೆದ ಮೂರು ಗೋಲುಗಳಲ್ಲಿ ಎರಡು ಆತನವು. ಆತನ ತಂದೆತಾಯಿಗಳು ಆಲ್ಜೀರಿಯದವರು. ಉಪಾಂತ್ಯ ಪಂದ್ಯವನ್ನು ಗೆದ್ದುಕೊಟ್ಟ ತುರಾಮ್ ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪಿನವನು. ದೆಸಾಯಿ ಹುಟ್ಟಿದ್ದು ಘಾನಾದಲ್ಲಿ, ವಿಯೆರಾ ಸೆನೆಗಲ್ಲಿನಲ್ಲಿ. ಆ ಒಂದು ರಾತ್ರಿ ಇವರೆಲ್ಲರೂ ಅಪ್ಪಟ ಫ್ರೆಂಚರು!

ಎರಡೇ ವರ್ಷಗಳ ಹಿಂದೆ, 1996ರಲ್ಲಿ, ಬಲಪಂಥದ ಮುಖಂಡ ಲೆ ಪೆನ್ ಬೇರೆ ರಾಗ ಹಾಡಿದ್ದರು. ಹೊರಗಿನವರನ್ನು ತಂದು ಫ್ರಾನ್ಸಿನ ತಂಡವೆಂದು ಹೆಸರಿಡುವುದು ಕೃತಕವೆಂದೂ, ಹಲವರು ರಾಷ್ಟ್ರಗೀತೆಯನ್ನೇ ಹಾಡುವುದಿಲ್ಲವೆಂದೂ ಅವರ ಆಕ್ಷೇಪ. ಹೊರಗಿನವರು ಯಾರು ಸ್ವಾಮಿ? ಗ್ವಾಡೆಲೂಪನ್ನು ಫ್ರೆಂಚರು 1635ರಲ್ಲಿಯೇ ವಶಪಡಿಸಿಕೊಂಡರು. ನೀಸ್ ನಗರ ಫ್ರಾನ್ಸಿಗೆ ಶಾಶ್ವತವಾಗಿ ಸೇರಿದ್ದು 1860ರಲ್ಲಿ. ಆದರೂ ನೀಸಿನ ಹುಡುಗನನ್ನು ಯಾರೂ ಪರಕೀಯನೆನ್ನುವುದಿಲ್ಲ.

ಗೀತೆಯ ಮಾತಿಗೆ ಬರೋಣ. 1998ರ ತಂಡದಲ್ಲಿಯೇ ತುಟಿ ಬಿಚ್ಚದೆ ನಿಲ್ಲುತ್ತಿದ್ದವನು ಕರೆಂಬು. ಆತ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾದ ಕನಕ್ ಎಂಬ ಮೂಲನಿವಾಸಿ ಜನಾಂಗದವನು. 1931ರಲ್ಲಿ ಪ್ಯಾರಿಸ್ಸಿನಲ್ಲಿ ವಸಾಹತುಗಳ ಮಹಾಪ್ರದರ್ಶನ ನಡೆದಾಗ ನೂರರಷ್ಟು ಕನಕರನ್ನು ಕರೆತಂದು, ಪ್ರಾಣಿಗಳಿದ್ದ ಉದ್ಯಾನವೊಂದರಲ್ಲಿ ನರಭಕ್ಷಕರೆಂದು ಹೆಸರಿಟ್ಟು ಜನರಿಗೆ ತೋರಿಸಲಾಯಿತು. ಅವರಲ್ಲಿ ಒಬ್ಬರು ಈ ಕರೆಂಬುವಿನ ಮುತ್ತಜ್ಜ. ಮೊಮ್ಮಗನ ಮಗನಿಗೆ ಹಾಡು ಬಾರದೆಂದಲ್ಲ. ಹಾಡು ಮೊಳಗುವಾಗ ಹಿರಿಯರ ನೆನಪಾಗುತ್ತಿತ್ತು. ದೇಶಭಕ್ತಿಯ ಪರೀಕ್ಷೆಯನ್ನು ಇಂಥವನಿಗೆ ಒಡ್ಡುವವರ ಧೈರ್ಯ ಮೆಚ್ಚತಕ್ಕದ್ದೇ!

ಅಂಗಿಯನ್ನೇ ಕಳಚಿಟ್ಟು ಹೋದವರೂ ಉಂಟು. ಆಲ್ಜೀರಿಯದ ಸ್ವಾತಂತ್ರ್ಯ ಸಮರ ನಡೆಯುತ್ತಿದ್ದ ಕಾಲ. ಸೆತಿಫ್ ಎಂಬ ಊರಿನ ರಶೀದ್ ಮೆಖ್ಲೂಫಿ ಫ್ರಾನ್ಸಿನ ಸೇಂತ್ ಎತಿಯೆನ್ ಸಂಘದ ಆಟಗಾರ. 1945ರ ಮೇ ತಿಂಗಳಲ್ಲಿ ಆ ಊರಿನ ಸುತ್ತ ಫ್ರೆಂಚ್ ಸೇನೆ ನಡೆಸಿದ ಕಗ್ಗೊಲೆಯ ಕಾಲಕ್ಕೆ ಆತ ಎಂಟು ವರ್ಷದ ಬಾಲಕ. 1958ರ ಏಪ್ರಿಲ್‌ನಲ್ಲಿ, ವಿಶ್ವಕಪ್ಪಿಗೆ ಎರಡೇ ತಿಂಗಳಿರುವಾಗ, ಫ್ರೆಂಚ್ ತಂಡದಲ್ಲಿ ಸ್ಥಾನ ಕೈಗೆಟುಕುವಂತಿದ್ದರೂ, ಆತನೂ ಮೊನಾಕೊ ಸಂಘದ ಜಿತೂನಿಯೂ ಇನ್ನು ಕೆಲವರೂ ಗುಟ್ಟಾಗಿ ಗಡಿ ದಾಟಿ ಟ್ಯೂನಿಸ್ ಸೇರಿದರು. ಮೆಖ್ಲೂಫಿ ಆಗ ಸೈನಿಕ ಸೇವೆಯಲ್ಲಿದ್ದ. ಸಿಕ್ಕಿಬಿದ್ದಿದ್ದರೆ ಸೇನೆಯಿಂದ ಪಲಾಯನದ ಅಪರಾಧ. ಇನ್ನೂ ಹುಟ್ಟದ ದೇಶದ ಹೆಸರಿನಲ್ಲಿ ಈ ತಂಡ ನಾಲ್ಕು ವರ್ಷ ದೇಶವಿದೇಶಗಳಲ್ಲಿ ಆಡಿತು. ಅಂತರರಾಷ್ಟ್ರೀಯ ಒಕ್ಕೂಟ ಮಾತ್ರ ಅದಕ್ಕೆ ಮಾನ್ಯತೆ ಕೊಡಲಿಲ್ಲ.

ಇತ್ತ ಫ್ರಾನ್ಸ್ ಆ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಗಳಿಸಿತು. ಹದಿಮೂರು ಗೋಲು ಹೊಡೆದ ಫೊಂತೇನ್ ಮೊರಾಕೊದಲ್ಲಿ ಹುಟ್ಟಿದವನು. ಆತನಿಗೆ ಚೆಂಡು ಒದಗಿಸಿದ ಕೋಪಾ ಪೋಲೆಂಡಿನಿಂದ ಬಂದ ಗಣಿ ಕೂಲಿಯ ಮೊಮ್ಮಗ, ಸ್ವತಃ ಗಣಿಗಿಳಿದು ದುಡಿದವನು.

ಆಲ್ಜೀರಿಯ ಸ್ವತಂತ್ರವಾದ ಮೇಲೆ ಮೆಖ್ಲೂಫಿ ಸೇಂತ್ ಎತಿಯೆನ್ನಿಗೆ ಮರಳಿದ. 1968ರ ಫ್ರೆಂಚ್ ಕಪ್ಪಿನ ಅಂತಿಮ ಪಂದ್ಯದಲ್ಲಿ ತಂಡದ ಎರಡೂ ಗೋಲುಗಳು ಆತನವೇ. ಅಂದು ಕಪ್ ನೀಡಿದವರು ಅಧ್ಯಕ್ಷ ದ ಗೋಲ್!

ಇಷ್ಟಾದರೂ ಲೆಕ್ಕ ಮುಗಿಯಲಿಲ್ಲ. ಎರಡು ದೇಶಗಳ ಪೌರತ್ವವುಳ್ಳ ಎಳೆಯ ಹುಡುಗರು ತರಬೇತಿ ಪಡೆದು ಮುಂದೆ ಪೂರ್ವಜರ ದೇಶಕ್ಕೆ ಆಡಿಬಿಟ್ಟರೇನು ಗತಿ, ಅಂಥವರ ಪ್ರವೇಶಕ್ಕೆ ಮಿತಿ ಹಾಕೋಣವೇ ಎಂದು ಫ್ರಾನ್ಸಿನ ಕಾಲ್ಚೆಂಡು ಒಕ್ಕೂಟದ ಸಭೆಯೊಂದರಲ್ಲಿ ಚರ್ಚಿಸಿದ್ದು 2011ರಲ್ಲಿ ಬಯಲಾಯಿತು. ಮಿತಿ ಜಾರಿಗೆ ಬರಲಿಲ್ಲ. ಅದನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ ಗ್ವಾಡೆಲೂಪಿನ ತುರಾಮ್ ಒಬ್ಬ.